ಮೆಟ್ರೊ ಸಾಮರ್ಥ್ಯ: ಹಳಿಯ ಉದ್ದವೊಂದೇ ಸಾಲದು

ನಗರ ರೈಲು ಸಾರಿಗೆಯ ಪ್ರಗತಿಯನ್ನು ನಾವು ಸಾಮಾನ್ಯವಾಗಿ ಕಿಲೋಮೀಟರುಗಳಲ್ಲಿ ಅಳೆಯುತ್ತೇವೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಯ ನಡುವೆ, ಏಳು ಕಿ.ಮೀ.ಗೂ ಕಡಿಮೆ ದೂರದಲ್ಲಿ ಆರಂಭವಾದ 'ನಮ್ಮ ಮೆಟ್ರೊ' 2017ರಲ್ಲಿ ಮೊದಲ ಹಂತ ಪೂರ್ಣಗೊಂಡಾಗ 42 ಕಿ.ಮೀ. ತಲುಪಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಸೇರಿದಾಗ ಅದು ಸುಮಾರು 96 ಕಿ.ಮೀ. ಆಯಿತು. ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಬೆಳೆಯುತ್ತಿರುವ ಮಹಾನಗರದಲ್ಲಿ ಉದ್ಯೋಗಿಗಳು ಸಕಾಲಕ್ಕೆ ಕೆಲಸದ ಸ್ಥಳ ತಲುಪುವರೇ ಎಂಬುದನ್ನು ನಿರ್ಧರಿಸುವ ಲೆಕ್ಕ ಬೇರೆಯೇ ಇದೆ.

ಸರಳ ಗುಣಾಕಾರ

ಒಂದು ಗಂಟೆಯಲ್ಲಿ ಒಂದು ದಿಕ್ಕಿನಲ್ಲಿ ಎಷ್ಟು ಜನರನ್ನು ಸಾಗಿಸಬಹುದು ಎಂಬುದೇ ಮಾರ್ಗದ ನಿಜವಾದ ಸಾಮರ್ಥ್ಯ. ಆರು ಬೋಗಿಗಳ ರೈಲಿನಲ್ಲಿ ಸುಮಾರು 2,000 ಮಂದಿ ಪ್ರಯಾಣಿಸಬಹುದು. ಐದು ನಿಮಿಷಕ್ಕೊಂದು ರೈಲು ಓಡಿದರೆ ಗಂಟೆಗೆ 24,000 ಮಂದಿ. ಮೂರು ನಿಮಿಷಕ್ಕೊಂದಾದರೆ 40,000 ಮಂದಿ.

ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಎಲೆಕ್ಟ್ರಾನಿಕ್ಸ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಸಾಗುವ 19 ಕಿ.ಮೀ. ಉದ್ದದ ಹಳದಿ ಮಾರ್ಗ ಈ ಪಾಠವನ್ನು ಸ್ಪಷ್ಟವಾಗಿ ಕಲಿಸಿತು. ಹಳಿ, ನಿಲ್ದಾಣಗಳು ಸಿದ್ಧವಾಗಿದ್ದರೂ ಬೋಗಿಗಳ ಪೂರೈಕೆ ವಿಳಂಬವಾದ ಕಾರಣ ಸಂಚಾರ ತಡವಾಯಿತು. ಕೊನೆಗೆ ಮೂರೇ ರೈಲುಗಳೊಂದಿಗೆ, 25 ನಿಮಿಷಗಳ ಅಂತರದಲ್ಲಿ ಸೇವೆ ಆರಂಭವಾಯಿತು. ಅಂದರೆ, ಐದು ನಿಮಿಷಕ್ಕೊಂದು ರೈಲು ಓಡಿದ್ದರೆ ದೊರೆಯಬಹುದಾಗಿದ್ದ ಸಾಮರ್ಥ್ಯದ ಐದನೇ ಒಂದು ಭಾಗ ಮಾತ್ರ. ಮುಂದೆ ರೈಲುಗಳು ಸೇರ್ಪಡೆಯಾದಂತೆ ಈ ಅಂತರ ಹಂತಹಂತವಾಗಿ ತಗ್ಗಿತು.

ತಿದ್ದಲಾಗದ ನಿರ್ಧಾರಗಳು

ಬೋಗಿಗಳನ್ನು ತಡವಾಗಿಯಾದರೂ ಕೊಳ್ಳಬಹುದು. ಪ್ಲಾಟ್‌ಫಾರಂನ ಉದ್ದದ ಮಾತು ಹಾಗಲ್ಲ. ಲಂಡನ್ನಿನ ಡಾಕ್‌ಲ್ಯಾಂಡ್ಸ್ ಲಘು ರೈಲು 1987ರಲ್ಲಿ ಒಂದೊಂದೇ ಬಂಡಿಯ ರೈಲುಗಳೊಂದಿಗೆ ಆರಂಭವಾಯಿತು. ಕ್ಯಾನರಿ ವಾರ್ಫ್ ವಾಣಿಜ್ಯ ಕೇಂದ್ರವಾಗಿ ಬೆಳೆದಂತೆ ಪ್ಲಾಟ್‌ಫಾರಂಗಳನ್ನು ಮೊದಲು ಎರಡು, ಬಳಿಕ ಮೂರು ಬಂಡಿಗಳಿಗೆ ಹಿಗ್ಗಿಸಬೇಕಾಯಿತು. ಮುಂದೆ ಸೇರ್ಪಡೆಯಾದ, ನೆಲದಡಿಯ ಕಟ್ಟಿ ಸಾರ್ಕ್ ನಿಲ್ದಾಣವನ್ನು ಹಿಗ್ಗಿಸಲಾಗದೆ, ಅಲ್ಲಿ ರೈಲಿನ ಎಲ್ಲ ಬಾಗಿಲುಗಳೂ ತೆರೆಯದಂಥ ವ್ಯವಸ್ಥೆಯೇ ಉಳಿಯಿತು.

ಬೆಂಗಳೂರು ಈ ವಿಷಯದಲ್ಲಿ ದೂರದೃಷ್ಟಿ ತೋರಿದೆ. ಮೂರು ಬೋಗಿಗಳಿಂದ ಆರಂಭಿಸಿದರೂ ಆರು ಬೋಗಿಗಳಿಗೆ ಸಾಲುವಂತೆ ನಿಲ್ದಾಣಗಳನ್ನು ಕಟ್ಟಿದ್ದರಿಂದಲೇ 2018ರಲ್ಲಿ ರೈಲುಗಳನ್ನು ಉದ್ದಗೊಳಿಸುವುದು ಸಾಧ್ಯವಾಯಿತು. ಆದರೆ ಆರು ಬೋಗಿಗಳೇ ಈಗ ಮೇಲ್ಮಿತಿ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ 43 ಕಿ.ಮೀ. ನೇರಳೆ ಮಾರ್ಗದಲ್ಲಿ ದಟ್ಟಣೆ ಎಷ್ಟೇ ಹೆಚ್ಚಲಿ, ಇನ್ನುಳಿದಿರುವ ದಾರಿ ರೈಲುಗಳ ನಡುವಿನ ಅಂತರವನ್ನು ತಗ್ಗಿಸುವುದೊಂದೇ. ಅದಕ್ಕೆ ಹೆಚ್ಚು ರೈಲುಗಳು, ಅವುಗಳಿಗೆ ಡಿಪೊಗಳಲ್ಲಿ ಸ್ಥಳ, ಸಮರ್ಥ ಸಿಗ್ನಲ್ ವ್ಯವಸ್ಥೆ ಮತ್ತು ಜನರು ಬೇಗನೆ ಹತ್ತಿಳಿಯಲು ಅನುವಾಗುವ ನಿಲ್ದಾಣಗಳು ಅಗತ್ಯ. ಆ ಮಿತಿಯೂ ಮುಗಿದಾಗ ಉಳಿಯುವುದು ಪರ್ಯಾಯ ಮಾರ್ಗಗಳು ಮಾತ್ರ. ಈ ದೃಷ್ಟಿಯಿಂದ, 2020ರಲ್ಲಿ ಕೇಂದ್ರದ ಅನುಮೋದನೆ ಪಡೆದ 148 ಕಿ.ಮೀ. ಉಪನಗರ ರೈಲು ಯೋಜನೆಯನ್ನು ಮೆಟ್ರೊದ ಪ್ರತಿಸ್ಪರ್ಧಿಯೆಂದು ಎಣಿಸದೆ, ಅದರ ಭಾರವನ್ನು ಹಂಚಿಕೊಳ್ಳುವ ಸಂಗಾತಿಯೆಂದು ಪರಿಗಣಿಸಬೇಕು.

ಉದ್ಯಮ ವಲಯದ ಹೊಣೆ

2021ರಲ್ಲಿ ಅನುಮೋದನೆಗೊಂಡ ವಿಮಾನ ನಿಲ್ದಾಣ ಮಾರ್ಗ ಹಾಗೂ 2024ರಲ್ಲಿ ಅನುಮೋದನೆಗೊಂಡ 44.65 ಕಿ.ಮೀ.ಗಳ ಮೂರನೇ ಹಂತದ ಬಗ್ಗೆ ಉದ್ಯಮಿಗಳು 'ಯಾವಾಗ ಉದ್ಘಾಟನೆ?' ಎಂದು ಮಾತ್ರ ಕೇಳಿದರೆ ಸಾಲದು. ಉದ್ಘಾಟನೆಯ ದಿನ ಎಷ್ಟು ರೈಲುಗಳು ಸಿದ್ಧವಿರುತ್ತವೆ, ಹತ್ತು ವರ್ಷಗಳ ಬಳಿಕ ಎಷ್ಟು ನಿಮಿಷಕ್ಕೊಂದು ರೈಲು ಓಡಬಲ್ಲದು ಎಂಬ ಪ್ರಶ್ನೆಗಳನ್ನೂ ಮುಂದಿಡಬೇಕು. ಬೋಗಿಗಳ ಖರೀದಿ ಆದೇಶವು ಸಿವಿಲ್ ಕಾಮಗಾರಿಯೊಂದಿಗೇ ಹೆಜ್ಜೆ ಹಾಕಬೇಕೆಂದು ಒತ್ತಾಯಿಸಬೇಕು.

ನಮ್ಮಿಂದಲೂ ಆಗಬೇಕಾದುದಿದೆ. ಪಾಳಿಯ ವೇಳೆ ಹಾಗೂ ಉದ್ಯೋಗಿಗಳು ವಾಸಿಸುವ ಪ್ರದೇಶಗಳ ಒಟ್ಟಾರೆ ವಿವರವನ್ನು ಯೋಜಕರಿಗೆ ಒದಗಿಸಿದರೆ ಅವರ ಅಂದಾಜು ನಿಖರವಾಗುತ್ತದೆ. ಒಂದೇ ಪ್ರದೇಶದ ಸಂಸ್ಥೆಗಳು ಕೆಲಸದ ವೇಳೆಯನ್ನು ಅರ್ಧ ಗಂಟೆ ಹಿಂದುಮುಂದಾಗಿಸಿಕೊಂಡರೆ ದಟ್ಟಣೆಯ ಒತ್ತಡ ಹಂಚಿಹೋಗುತ್ತದೆ. ಹೊಸ ಬೋಗಿಗೆ ವರ್ಷಗಟ್ಟಲೆ ಕಾಯಬೇಕು. ವೇಳಾಪಟ್ಟಿಯ ಈ ಬದಲಾವಣೆಯನ್ನು ಮುಂದಿನ ತಿಂಗಳಿನಿಂದಲೇ ಜಾರಿಗೆ ತರಬಹುದು.