ಅಳಿಸಿದರೂ ಅಳಿಯದ ಗುರುತು

ನಿಮ್ಮ ಗುರುತು ಹಿಡಿಯೋಕೆ ಜಾಲತಾಣಗಳು ಫೋನಿನಲ್ಲಿ ಇಡೋ ಪುಟ್ಟ ಚೀಟಿ, ಅಂದ್ರೆ ಕುಕಿ, ಅದನ್ನ ಅಳಿಸಿಬಿಟ್ರೆ ಜಾಹೀರಾತಿನವರ ಕಾಟ ತಪ್ಪತ್ತೆ ಅಂದ್ಕೊಂಡ್ರಾ? ಅಮೆರಿಕದ ವೆರೈಝನ್ ಗ್ರಾಹಕರೂ ಹಾಗೇ ಅಂದ್ಕೊಂಡಿದ್ರು.

2012ರಿಂದ ಆ ಕಂಪನಿ, ತನ್ನ ಮೊಬೈಲ್ ನೆಟ್‌ವರ್ಕ್ ದಾಟಿ ಹೋಗೋ ವೆಬ್ ಕೋರಿಕೆಗಳಿಗೆ ಒಂದು ಗುರುತಿನ ಸಂಖ್ಯೆ ಅಂಟಿಸ್ತಿತ್ತು. ಹಸುವಿನ ಕಿವಿಗೆ ಹಳದಿ ಬಿಲ್ಲೆ ಹಾಕಿದ ಹಾಗೆ! ಅಂಟಿಸ್ತಿದ್ದದ್ದು ಫೋನಿನಲ್ಲಲ್ಲ, ದಾರಿಯಲ್ಲಿ. ಫೋನಿನಲ್ಲಿ ಏನು ಅಳಿಸಿದ್ರೂ ಅದು ಹೋಗೋದೆಲ್ಲಿಂದ? ಟರ್ನ್ ಅನ್ನೋ ಜಾಹೀರಾತು ಕಂಪನಿಯಂತೂ ಅದೇ ಸಂಖ್ಯೆ ಹಿಡಿದು, ಜನ ಅಳಿಸಿದ್ದ ಕುಕಿಗಳಿಗೆ ಮತ್ತೆ ಜೀವ ಕೊಡ್ತಿತ್ತು.

2016ರಲ್ಲಿ ದಂಡ ಬಿತ್ತು: 13.5 ಲಕ್ಷ ಡಾಲರ್. ವೆರೈಝನ್‌ಗೆ ಅದು ಚಿಲ್ಲರೆ ಕಾಸು, ಬಿಡಿ.

ವಿಳಾಸ ‘ಎಚ್‌ಟಿಟಿಪಿಎಸ್’ ಅಂತ ಶುರುವಾಗಿದ್ರೆ ಹೀಗೆ ನಡುವೆ ಕೈ ಹಾಕೋಕಾಗಲ್ಲ. ಯಾವ ಪುಟ ಓದಿದ್ರಿ ಅನ್ನೋದೂ ಕಾಣಲ್ಲ. ಯಾವ ತಾಣಕ್ಕೆ ಹೋದ್ರಿ ಅನ್ನೋದು ಮಾತ್ರ ಇಂಟರ್ನೆಟ್ ಕೊಡೋರಿಗೆ ಈಗಲೂ ಸಾಮಾನ್ಯವಾಗಿ ಕಾಣತ್ತೆ.