ಅಳೆಯಬಹುದಾದ ಪ್ರಶ್ನೆ, ಅಳೆಯಲಾಗದ ಪ್ರಶ್ನೆ

‘ವಿಜ್ಞಾನ ಎಲ್ಲದಕ್ಕೂ ಉತ್ತರ ಕೊಡುತ್ತದೆಯೇ ಸರ್?’ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ಈ ಪ್ರಶ್ನೆಗೆ ಸಿದ್ಧರಾಗಿರಬೇಕು. ಇದನ್ನು ವಿವರಿಸಲು ನಮ್ಮ ಜಿಲ್ಲೆಯ ನೀರೇ ಒಳ್ಳೆಯ ಉದಾಹರಣೆ.

ದೇವದುರ್ಗ, ಮಾನ್ವಿ ಭಾಗದ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ನೆಲದಡಿಯ ಗ್ರಾನೈಟ್ ಶಿಲೆಗಳಲ್ಲಿರುವ ಫ್ಲೋರೈಡ್ ಖನಿಜಗಳು ನಿಧಾನವಾಗಿ ಅಂತರ್ಜಲದಲ್ಲಿ ಕರಗುವುದೇ ಇದಕ್ಕೆ ಮುಖ್ಯ ಕಾರಣ. ಭಾರತೀಯ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ಮೂಲ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಇದು ಮಿತಿಮೀರಿ ದೇಹ ಸೇರಿದರೆ ಎನಾಮಲ್ ಮೇಲೆ ಕಲೆ ಬೀಳುತ್ತದೆ. ಬಹಳ ವರ್ಷ ಸೇರುತ್ತಿದ್ದರೆ ಮೂಳೆ, ಕೀಲುಗಳೂ ಕೆಡುತ್ತವೆ.

ಹಲ್ಲಿನ ಕಲೆಯಿಂದಾಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ವಿದ್ಯಾರ್ಥಿನಿಯೊಬ್ಬಳು ನಮ್ಮ ತರಗತಿಯಲ್ಲಿದ್ದಾಳೆ ಎಂದುಕೊಳ್ಳೋಣ. ‘ಕಲೆ ಹೇಗೆ ಬಂತು?’ ಎಂದರೆ ವಿಜ್ಞಾನ ಪೂರ್ಣ ಉತ್ತರ ಕೊಡುತ್ತದೆ. ‘ಇದು ಯಾವುದೋ ಪಾಪದ ಫಲವೇ?’ ಎಂಬ ಭಯವನ್ನೂ ಕಳೆಯುತ್ತದೆ: ಅದೇ ನೀರು ಕುಡಿದು ಬೆಳೆದ ಇತರ ಮಕ್ಕಳಲ್ಲೂ ಕಲೆ ಕಾಣುತ್ತದೆ, ಚಿಕ್ಕಂದಿನಿಂದಲೇ ಶುದ್ಧ ನೀರು ಸಿಕ್ಕವರಲ್ಲಿ ಕಾಣುವುದಿಲ್ಲ. ಆದರೆ ‘ನಾನು ನಾಚಿಕೆಪಡಬೇಕೆ?’ ಎಂಬುದನ್ನು ಅಳೆಯುವ ಉಪಕರಣ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಕೃಷ್ಣಾ–ತುಂಗಭದ್ರೆಯರ ನಡುವಿನ ಈ ನಾಡಿನಲ್ಲಿ ನದಿನೀರು ಮೊದಲು ರಾಯಚೂರು ನಗರಕ್ಕೆ ಹರಿಯಬೇಕೆ, ಫ್ಲೋರೈಡ್ ಇರುವ ಹಳ್ಳಿಗೆ ಹರಿಯಬೇಕೆ? ಅಂಕಿಅಂಶ ಇಲ್ಲದೆ ಇದನ್ನು ಚರ್ಚಿಸಲಾಗದು. ಅಂಕಿಅಂಶವೊಂದೇ ಇದನ್ನು ತೀರ್ಮಾನಿಸಲೂ ಆರದು. ‘ಹೀಗಿದೆ’ ಎಂಬುದರಿಂದ ಮಾತ್ರವೇ ‘ಹೀಗಿರಬೇಕು’ ಎಂಬುದು ಹೊರಡುವುದಿಲ್ಲ ಎಂದು 18ನೇ ಶತಮಾನದಲ್ಲೇ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ತೋರಿಸಿದ್ದ.

ಇಲ್ಲೊಂದು ಎಚ್ಚರ ಅಗತ್ಯ. ಇನ್ನೂ ತಿಳಿಯದ ಪ್ರಶ್ನೆ ಬೇರೆ, ಅಳತೆಗೆ ಒಳಪಡದ ಪ್ರಶ್ನೆ ಬೇರೆ. ಮೊದಲನೆಯದಕ್ಕೆ ಸಂಶೋಧನೆ ಮುಂದುವರಿಯಬೇಕು. ಎರಡನೆಯದನ್ನು ನ್ಯಾಯ, ಕರುಣೆ, ಆತ್ಮಗೌರವದ ಬೆಳಕಿನಲ್ಲಿ ಚರ್ಚಿಸಬೇಕು. ವಿಜ್ಞಾನಕ್ಕೆ ಮಿತಿಯಿದೆ ಎಂಬ ಮಾತು ತಾಯಿತ, ಮಾಟಗಳಿಗೆ ಪುರಾವೆಯಾಗದು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು 1976ರ ತಿದ್ದುಪಡಿಯಿಂದ ಸಂವಿಧಾನದ 51ಎ ವಿಧಿಗೆ ಸೇರಿದ ಮೂಲಭೂತ ಕರ್ತವ್ಯಗಳಲ್ಲೊಂದು.

ಪಾಠಯೋಜನೆಯಲ್ಲಿ ಕೊನೆಯ ಐದು ನಿಮಿಷ ಇದಕ್ಕೆ ಮೀಸಲಿಡಬಹುದು. ನೀರಿನ ಬಗ್ಗೆ ಮಕ್ಕಳು ಕೇಳುವ ಪ್ರಶ್ನೆಗಳನ್ನು ಕಪ್ಪುಹಲಗೆಯ ಮೇಲೆ ಎರಡು ಕಾಲಂಗಳಲ್ಲಿ ಬರೆಯಿಸಿ: ಅಳೆದು ತಿಳಿಯುವವು, ಮಾತಾಡಿ ನಿರ್ಧರಿಸುವವು. ಎರಡನೇ ಕಾಲಂ ಪರೀಕ್ಷೆಗೆ ಬಾರದಿದ್ದರೂ ಅದನ್ನು ಅಳಿಸಲು ಅವಸರಪಡಬೇಡಿ. ಬಾಯಿಗೆ ಕೈ ಅಡ್ಡ ಹಿಡಿದ ಹುಡುಗಿಯ ಪ್ರಶ್ನೆ ಅಲ್ಲೇ ಇರುತ್ತದೆ.