ಕನ್ನಡ ಕಲಿಕೆಯ ಅಳತೆಗೋಲು: ಕುಮಾರಪಟ್ಟಣದ ಹಿನ್ನೆಲೆಯಲ್ಲಿ

ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣವು ತುಂಗಭದ್ರೆಯ ದಂಡೆಯಲ್ಲಿ, ಹರಿಹರಕ್ಕೆ ಎದುರಾಗಿ ಬೆಳೆದ ಊರು. ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಿಂದ ಹೆಸರಾದ ಇಂತಹ ಕೈಗಾರಿಕಾ ನೆಲೆಗಳಲ್ಲಿ ‘ಕನ್ನಡ ಬಲ್ಲವರು ಯಾರು’ ಎಂಬುದು ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲ. ಉದ್ಯೋಗದ ಪ್ರಶ್ನೆಯೂ ಹೌದು. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟವು ಒಪ್ಪಿ, ಬಳಿಕ ತಡೆಹಿಡಿಯಲಾದ ಸ್ಥಳೀಯರ ಉದ್ಯೋಗ ಮಸೂದೆಯು ಕನ್ನಡವನ್ನು ಒಂದು ಭಾಷೆಯಾಗಿ ಓದಿದ ಪ್ರೌಢಶಾಲಾ ಪ್ರಮಾಣಪತ್ರವನ್ನು, ಅದಿಲ್ಲದವರಿಗೆ ಪ್ರಾವೀಣ್ಯ ಪರೀಕ್ಷೆಯನ್ನು ವಿಧಿಸಿತ್ತು. ಆದರೆ ಪ್ರಥಮ ಭಾಷೆಯಾಗಿ ಓದಿದವರ ಕನ್ನಡವೂ ತೃತೀಯ ಭಾಷೆಯಾಗಿ ಓದಿದವರ ಕನ್ನಡವೂ ಒಂದೇ ಮಟ್ಟದ್ದಲ್ಲ. ಆದುದರಿಂದ ಎಲ್ಲರೂ ಒಪ್ಪುವ ಮಾನದಂಡದ ಅಗತ್ಯವು ಇಲ್ಲಿ ಎದ್ದು ಕಾಣುತ್ತದೆ.

ಐರೋಪ್ಯ ಮಂಡಳಿಯು 2001ರಲ್ಲಿ ಪ್ರಕಟಿಸಿದ ಸಾಮಾನ್ಯ ಚೌಕಟ್ಟು ಇದಕ್ಕೊಂದು ಮಾದರಿ. ಎ1ರಿಂದ ಸಿ2ರವರೆಗಿನ ಅದರ ಆರು ಮಟ್ಟಗಳು ಅಂಕಗಳನ್ನಲ್ಲ, ಕಲಿಯುವವರು ಭಾಷೆಯಿಂದ ಏನು ಮಾಡಬಲ್ಲರು ಎಂಬುದನ್ನು ಹೇಳುತ್ತವೆ. ಆಲಿಸುವಿಕೆ, ಓದು, ಮಾತು, ಬರಹಗಳನ್ನು ಪ್ರತ್ಯೇಕವಾಗಿ ಅಳೆಯುವುದು ಅದರ ಹಿರಿಮೆ. ಹೊರರಾಜ್ಯದ ಕಾರ್ಮಿಕರೊಬ್ಬರು ಸಂತೆಯಲ್ಲಿ ಚೌಕಾಸಿ ಮಾಡಬಲ್ಲರು, ಆದರೆ ಯಂತ್ರದ ಬಳಿಯ ಎಚ್ಚರಿಕೆಯ ಫಲಕವನ್ನು ಓದಲಾರರು ಎಂದು ಭಾವಿಸೋಣ. ಉತ್ತೀರ್ಣ, ಅನುತ್ತೀರ್ಣ ಎಂಬ ಎರಡೇ ತೀರ್ಪುಗಳು ಇವರ ಸಾಮರ್ಥ್ಯವನ್ನೂ ಹೇಳವು, ಕೊರತೆಯನ್ನೂ ತೋರವು.

ಈ ಚೌಕಟ್ಟನ್ನು ಕನ್ನಡಕ್ಕೆ ಇದ್ದಂತೆಯೇ ಅಳವಡಿಸಲಾಗದು. ಮೊದಲನೆಯದು ಲಿಪಿಯ ತೊಡಕು: ಕಾಗುಣಿತ, ಒತ್ತಕ್ಷರಗಳ ಕಲಿಕೆಗೆ ಕಾಲ ಬೇಕಾಗುವುದರಿಂದ ಓದು ಮಾತಿಗಿಂತ ಹಿಂದುಳಿಯುವುದು ಸಹಜ. ಐರೋಪ್ಯ ಮಂಡಳಿಯೂ ಅಕ್ಷರಾಭ್ಯಾಸವಿಲ್ಲದ ವಲಸಿಗರಿಗಾಗಿ 2022ರಲ್ಲಿ ಪ್ರತ್ಯೇಕ ಮಾರ್ಗದರ್ಶಿಯನ್ನು ಹೊರತಂದಿತು. ಎರಡನೆಯದು ಉಪಭಾಷೆಯ ಪ್ರಶ್ನೆ. ಈ ಭಾಗದಲ್ಲಿ ಕನ್ನಡ ಕಲಿತವರು ‘ಬರಾಕತ್ತಾನ’ ಎಂದರೆ ಅದು ತಪ್ಪಲ್ಲ. ‘ಬರುತ್ತಿದ್ದಾನೆ’ ಎಂಬ ಗ್ರಂಥಸ್ಥ ರೂಪವನ್ನಷ್ಟೇ ಒಪ್ಪುವ ಪರೀಕ್ಷೆಯು ಊರಿನ ಜನರಿಂದಲೇ ಕಲಿತವರನ್ನು ದಂಡಿಸಿದಂತಾಗುತ್ತದೆ.

ಕನ್ನಡದಲ್ಲಿ ಹಂತಬದ್ಧ ಪರೀಕ್ಷೆಗಳು ಹೊಸವಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳಿವೆ. ಆದರೆ ಅವುಗಳ ಒಲವು ಸಾಹಿತ್ಯಾಭ್ಯಾಸದ ಕಡೆಗೆ. 1969ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನಕ್ಕೆ ಕನ್ನಡವನ್ನು ದ್ವಿತೀಯ ಭಾಷೆಯಾಗಿ ಬೋಧಿಸಿದ ದೀರ್ಘ ಅನುಭವವಿದೆ. ಈ ಅನುಭವವನ್ನು ಆಧರಿಸಿ, ಆಡುಮಾತಿಗೂ ಬರಹಕ್ಕೂ ಬೇರೆ ಬೇರೆ ಮಟ್ಟಗಳನ್ನು ಗುರುತಿಸುವ ಮಾನದಂಡವು ರೂಪುಗೊಳ್ಳಬೇಕು. ಅಳತೆಗೋಲು ಸಿದ್ಧವಾಗುವ ಮೊದಲೇ ಅಳೆಯಲು ಹೊರಟರೆ, ಅನ್ನದ ಪ್ರಶ್ನೆಯು ಪರೀಕ್ಷಕರ ಊಹೆಗೆ ಬಿಟ್ಟುಹೋಗುತ್ತದೆ.